ಪೇಟಿ ಬಾರಿಸೋ ಕಾಕಾನೂ ಬೆಂಗಳೂರಿನ ಹೆವಿ ಮೆಟಲ್ಲೂ

ಮೊನ್ನೆ ರಾಯಬಾಗದಾಗ ಮನಿ ಕಟ್ಟಿ ಮ್ಯಾಲ ಕುಂತು ಹಾಡು ಕೇಳಾಕತ್ತಿದ್ದೆ. ನಮ್ಮ ಕಾಕಾ ಬಂದು ಹೆಡ್‌ಫೋನ್ ಇಸ್ಕೊಂಡು ಕಿವಿಗೆ ಇಟ್ಕೊಂಡ್ರು. ಹತ್ತು ಸೆಕೆಂಡ್ ಆಗಿರಲಿಲ್ಲ, ತೆಗೆದುಬಿಟ್ರು. "ಯಾವ ದೇಶದವ್ರೋ ಇವ್ರು?"

"ಬೆಂಗಳೂರಿನವ್ರು ಕಾಕಾ."

"ಬೆಂಗಳೂರಿನವ್ರಾದ್ರ ಇದು ನಮ್ಮ ಸಂಗೀತ ಹೆಂಗಾಗ್ತದ?" ಅಂದ್ರು. ಇವತ್ತಿನ ಮಾತು ಆ ಪ್ರಶ್ನೆ ಬಗ್ಗೆ.

ಬ್ಯಾಂಡಿನ ಹೆಸರು ಕ್ರಿಪ್ಟೋಸ್. 1998ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಆಗಿನಿಂದ ಇರುವ ನೋಲನ್ ಲೂಯಿಸ್ ಇವತ್ತಿಗೂ ಗಿಟಾರ್ ನುಡಿಸ್ತಾರ, ಹಾಡ್ತಾರ. ಮೊದಲ ಆಲ್ಬಮ್ 'ಸ್ಪೈರಲ್ ಅಸೆಂಟ್' 2004ರಲ್ಲಿ, ಎರಡನೆಯದು 'ದಿ ಆರ್ಕ್ ಆಫ್ ಜೆಮಿನೈ' 2008ರಲ್ಲಿ ಬಂತು. ಅವೆರಡನ್ನ ಆಮೇಲೆ ಕೇಳ್ರಿ. ಹೊಸಬರಿಗೆ ನಾನು ಕೊಡೋದು ನಾಲ್ಕು ಹಾಡು.

ಒಂದು, 'ದಿ ಮಾಸ್ಕ್ ಆಫ್ ಅನುಬಿಸ್'. 2012ರ 'ದಿ ಕಾಯಿಲ್ಸ್ ಆಫ್ ಅಪೋಲಿಯಾನ್' ಆಲ್ಬಮ್ಮಿನದು. ಅನುಬಿಸ್ ಅಂದ್ರ ನರಿ ತಲೆಯ ಈಜಿಪ್ಟ್ ದೇವರು. ಮುಂದಿನ ವರ್ಷ, 2013ರಲ್ಲಿ, ಇವರು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದರು. ವಾಕೆನ್ ಒಂದು ಸಣ್ಣ ಹಳ್ಳಿ. ವರ್ಷಕ್ಕೊಮ್ಮೆ 70 ಸಾವಿರಕ್ಕೂ ಹೆಚ್ಚು ಮಂದಿ ಬಂದು ಹೊಲದಾಗ ಟೆಂಟ್ ಹಾಕ್ತಾರ. ನಮಗಿದು ಹೊಸದೇನಲ್ಲ. ಚಿಂಚಲಿ ಮಾಯಕ್ಕನ ಜಾತ್ರಿ ನೋಡಿದವರಿಗೆ ಸಣ್ಣ ಊರಿಗೆ ದೊಡ್ಡ ಮಂದಿ ಹೆಂಗ ಬರ್ತಾರ ಅಂತ ಹೇಳಬೇಕಿಲ್ಲ.

ಎರಡು, 'ಫುಲ್ ಥ್ರಾಟಲ್'. 2016ರ 'ಬರ್ನ್ ಅಪ್ ದಿ ನೈಟ್' ಆಲ್ಬಮ್ಮಿನದು. ಬಿಡುಗಡೆ ಮಾಡಿದ್ದು ಜರ್ಮನಿಯ ಎಎಫ್‌ಎಂ ಕಂಪನಿ. ಇಲ್ಲಿ ಬ್ಯಾಂಡು ದಾರಿ ಬದಲಿಸ್ತು. ಸುತ್ತು ಬಳಸು ಕಡಿಮಿ ಆತು. ಗಿಟಾರಿನ ಒಂದು ಗಟ್ಟಿ ತುಣುಕು, ಎಲ್ಲಾರೂ ಕೂಡಿ ಕೂಗೋ ಪಲ್ಲವಿ, ನಡುವೆ ಸೋಲೋ. ಇದು 1980ರ ದಶಕದ ಲೆಕ್ಕ. ಆಗ ಕೂದಲು ಉಬ್ಬಿಸಿಕೊಂಡು ಹಾಡೋ 'ಹೇರ್ ಮೆಟಲ್' ಬ್ಯಾಂಡ್‌ಗಳೂ ಇದ್ದವು. ಕೆನಡಾದ ಕಿಚನರ್ ಊರಿನ ಹೆಲಿಕ್ಸ್ ಬ್ಯಾಂಡಿನ 1984ರ 'ರಾಕ್ ಯೂ' ಕೇಳಿದ್ರ ಆ ಪಲ್ಲವಿಯ ಮಜಾ ಗೊತ್ತಾಗ್ತದ. ಕ್ರಿಪ್ಟೋಸ್ ಹೇರ್ ಮೆಟಲ್ ಅಲ್ಲ, ಆದರ ಅದೇ ಕಾಲದ ನೆಂಟರು. ಒಂದೇ ಫರಕು: ಆ ಕಾಲದ ಬಹಳ ಗಾಯಕರು ಎತ್ತರದ ಸ್ವರದಾಗ ಹಾಡ್ತಿದ್ರು, ನೋಲನ್ ಗಂಟಲು ಕೆರೆದು ಹಾಡ್ತಾರ. ಕಾಕಾ ಓಡಿಹೋಗಿದ್ದು ಅದಕ್ಕ.

ಮೂರು, 2021ರ 'ಫೋರ್ಸ್ ಆಫ್ ಡೇಂಜರ್' ಆಲ್ಬಮ್ಮಿನ 'ಹಾಟ್ ವೈರ್ಡ್'. ನಾಲ್ಕು, 2024ರ 'ಡೆಸಿಮೇಟರ್' ಆಲ್ಬಮ್ಮಿನ 'ಟರ್ನ್ ಅಪ್ ದಿ ಹೀಟ್'. ಬೈಕ್ ಮ್ಯಾಲ ಕೇಳಬ್ಯಾಡ್ರಿ, ಎಕ್ಸಲರೇಟರ್ ತಾನ ತಿರುಗ್ತದ.

ಈಗ ಕಾಕಾನ ಪ್ರಶ್ನೆ. ಭಾರತದ ರಾಕ್ ಬ್ಯಾಂಡ್ ಅಂದಕೂಡಲೇ ಬಹಳ ಮಂದಿ ಕೇಳೋದು, "ತಬಲಾ ಎಲ್ಲೈತಿ, ರಾಗ ಎಲ್ಲೈತಿ?" ತಬಲಾ ಹಾಕಿದ್ರ ತಪ್ಪಿಲ್ಲ, ಚಂದ ಮಾಡಿದವರು ಅದಾರ. ಆದರ ನಾವು ಇಲ್ಲಿಯವರು ಅಂತ ತೋರಿಸೋಕಷ್ಟೇ ಹಾಕಿದ್ರ ಅದು ಆಧಾರ್ ಕಾರ್ಡ್ ಝೆರಾಕ್ಸ್ ಲಗತ್ತಿಸಿದಂಗ. ಕ್ರಿಪ್ಟೋಸ್ ಆ ಝೆರಾಕ್ಸ್ ಹಚ್ಚಲಿಲ್ಲ. ಇಪ್ಪತ್ತೈದು ವರ್ಷ ತಮಗೆ ಇಷ್ಟವಾದದ್ದನ್ನೇ ನುಡಿಸಿದ್ರು.

ಕಾಕಾ ಪ್ರತಿ ಸೋಮವಾರ ಭಜನಿಯಾಗ ಪೇಟಿ ಬಾರಿಸ್ತಾರ. ಪೇಟಿ, ಅಂದ್ರ ಹಾರ್ಮೋನಿಯಂ. ಪ್ಯಾರಿಸ್ಸಿನಲ್ಲಿ 1842ರಲ್ಲಿ ಪೇಟೆಂಟ್ ಆದ ವಾದ್ಯ. ಆಕಾಶವಾಣಿ ದಶಕಗಳ ಕಾಲ ಅದನ್ನ ಹೊರಗಿಟ್ಟಿತ್ತು. ಇವತ್ತು ಪೇಟಿ ಇಲ್ಲದ ಭಜನಿ ನಮ್ಮ ಕಡೆ ಎಲ್ಲೈತಿ? ಮೂರು ತಲೆಮಾರು ಬಾರಿಸಿದ್ರು, ನಮ್ಮದಾತು.

ಇದನ್ನ ಕಾಕಾಗ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಪೇಟಿ ಹೊರಗಿಂದು, ಖರೆ. ಪದ ಕನ್ನಡದವು ಅಲ್ಲೇನೋ?" ಅಂದ್ರು.

ಇದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ. ನಾ ಹೇಳಿದ ನಾಲ್ಕೂ ಹಾಡು ಇಂಗ್ಲಿಷ್. ಅವರು ಹಾಡೋ ಭಾಷೆ ಅವರ ಇಷ್ಟ. ಆದರ ಇಷ್ಟು ಗಟ್ಟಿ ಗಿಟಾರಿಗೆ ನಮ್ಮ ಕಡೆ ಕನ್ನಡ ಕೂಡಿದ್ರ ಹೆಂಗ ಕೇಳಿಸ್ತದ? ಅದನ್ನ ಮಾಡಬೇಕಾದವರು ಅವರಲ್ಲ. ಬಹುಶಃ ಇದನ್ನ ಕೇಳಾಕತ್ತಿರೋ ನಿಮ್ಮಾಗ ಯಾರೋ.

ಮಾಡಿದ್ರ ಕಳಸ್ರಿ. ಮೊದಲು ಕಾಕಾಗ ಕೇಳಸ್ತೀನಿ. ಹತ್ತು ಸೆಕೆಂಡ್ ದಾಟಿದ್ರ ಗೆದ್ದಂಗ. ಬರ್ತೀನ್ರಿ.