ಕೋಟೆಯ ಮಣ್ಣಿಗೆ ಕೇಳಿದ ಪ್ರಶ್ನೆ



1679ರ ಫೆಬ್ರವರಿ ತಿಂಗಳಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನ ಪುರಭವನದಲ್ಲಿ ಒಂದು ವಿಚಿತ್ರ ಪರೀಕ್ಷೆ ನಡೆಯಿತು. ಕೊಲಾಂಬ್ ಎಂಬ ಯುವಕ ಆ ಊರಿನ ವೈದ್ಯ ಮಂಡಲಿಯನ್ನು ಸೇರಬೇಕಾಗಿತ್ತು. ಅದಕ್ಕಾಗಿ ಅವನು ಊರಿನವರೆದುರು ನಿಂತು ವಾದಿಸಬೇಕಾದ ವಿಷಯ ಹೀಗಿತ್ತು: ಕಾಫಿ ಕುಡಿಯುವುದು ಮಾರ್ಸೇಲ್ಸ್ ನಿವಾಸಿಗಳಿಗೆ ಹಾನಿಕರವೇ? ಹಾನಿಕರವೇ ಹೌದೆಂದು ಯುವಕ ಸಾಧಿಸಿದ. ಕಾಫಿ ರಕ್ತವನ್ನು ಸುಡುತ್ತದೆ, ಮೈಯ ರಸಗಳನ್ನು ಒಣಗಿಸುತ್ತದೆ, ನಿಶ್ಶಕ್ತಿ ತರುತ್ತದೆ, ಪುರುಷತ್ವಕ್ಕೂ ಕುಂದು ತರುತ್ತದೆ ಎಂದ. ಪರೀಕ್ಷೆ ಮುಗಿಯಿತು. ಮಾರ್ಸೇಲ್ಸಿನ ಜನ ಕಾಫಿ ಕುಡಿಯುವುದನ್ನೇನೂ ಬಿಡಲಿಲ್ಲ.

ಇಂದು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನ ಪ್ರಬಂಧವೆಂದು ಕರೆಯುವ ವಸ್ತುವಿನ ಪೂರ್ವಜರಲ್ಲಿ ಇಂಥವೂ ಸೇರಿವೆ. ಪ್ಯಾರಿಸ್ಸಿನ ವೈದ್ಯ ವಿದ್ಯಾಪೀಠದಲ್ಲಿ ಪ್ರಶ್ನೆಯೊಂದನ್ನು ಲ್ಯಾಟಿನ್ ಭಾಷೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ವಿದ್ಯಾರ್ಥಿ ಗುರುಗಳೆದುರು ಗಂಟೆಗಟ್ಟಲೆ ವಾದಿಸುತ್ತಿದ್ದ. ಎಷ್ಟೋ ವೇಳೆ ಆ ಪ್ರಬಂಧವನ್ನು ಬರೆದವರು ವಿದ್ಯಾರ್ಥಿಯಲ್ಲ, ಅಧ್ಯಕ್ಷ ಪೀಠದಲ್ಲಿ ಕುಳಿತ ಗುರುಗಳೇ. ಹೊಸದನ್ನು ಕಂಡುಹಿಡಿಯಬೇಕೆಂಬ ನಿರೀಕ್ಷೆ ಅಲ್ಲಿರಲಿಲ್ಲ. ಹಳೆಯ ಶಾಸ್ತ್ರವನ್ನು ಚೆನ್ನಾಗಿ ಅರಗಿಸಿಕೊಂಡು ಎದುರಾಳಿಯ ಬಾಯಿ ಮುಚ್ಚಿಸಿದರೆ ಸಾಕಾಗಿತ್ತು. ಪ್ರಬಂಧವೆಂದರೆ ಹಿಂದೆ ಯಾರೂ ಹೇಳದ ಒಂದು ಮಾತಾದರೂ ಅದರಲ್ಲಿರಬೇಕು ಎಂಬ ಕಟ್ಟಳೆ ಬಲವಾಗಿ ಬೇರೂರಿದ್ದು 19ನೆಯ ಶತಮಾನದ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ.

ಆ ಕಾಲದ ಫ್ರೆಂಚ್ ವೈದ್ಯನೊಬ್ಬ ಈ ದೇಶಕ್ಕೂ ಬಂದಿದ್ದ. ಫ್ರಾಂಸ್ವಾ ಬರ್ನಿಯೆಯ ಹೆಸರು ಮೊಗಲರ ಇತಿಹಾಸ ಓದಿದವರಿಗೆಲ್ಲ ಪರಿಚಿತ. 1652ರಲ್ಲಿ ಮೊಂಪೆಲಿಯೆ ವಿದ್ಯಾಪೀಠದಲ್ಲಿ ಮೂರೇ ತಿಂಗಳ ಓದಿನಿಂದ ಅವನಿಗೆ ವೈದ್ಯ ಪದವಿ ಸಿಕ್ಕಿತು. ಫ್ರಾನ್ಸಿನ ನೆಲದಲ್ಲಿ ವೈದ್ಯವೃತ್ತಿ ಮಾಡಕೂಡದೆಂಬ ಷರತ್ತು ಜೊತೆಗಿತ್ತು. ಪರದೇಶಕ್ಕೆ ಹೊರಟವನಿಗೆ ಕೊಟ್ಟ ಅಗ್ಗದ ಪದವಿ ಎನ್ನಬಹುದು. ಆದರೆ ಅವನು ದೆಹಲಿಯಲ್ಲಿ ಮಾಡಿದ ಕೆಲಸ ಅಗ್ಗದ್ದಲ್ಲ. ದಾನಿಶ್‌ಮಂದ್ ಖಾನನೆಂಬ ವಿದ್ಯಾಪ್ರಿಯ ಅಮೀರನ ಆಶ್ರಯದಲ್ಲಿದ್ದು, ದೇಹದಲ್ಲಿ ರಕ್ತ ಸುತ್ತುತ್ತದೆಂಬ ಹಾರ್ವೆಯ ಸಿದ್ಧಾಂತವನ್ನು ಅವನಿಗೆ ವಿವರಿಸಿದ. ಗಸಾಂದಿ, ದೇಕಾರ್ತರ ತತ್ತ್ವಶಾಸ್ತ್ರವನ್ನು ಪಾರಸಿಗೆ ತಂದ. ರಕ್ತದ ಚಲನೆ ತೋರಿಸಲು ಜೀವಂತ ಕುರಿಯನ್ನು ಸೀಳಿದಾಗ ಅಲ್ಲಿದ್ದ ಪಂಡಿತರು ದಿಗಿಲುಗೊಂಡು ಓಡಿಹೋದರೆಂದು ಅವನೇ ಬರೆದಿದ್ದಾನೆ. ಆದರೆ ಪ್ಯಾರಿಸ್ಸಿನ ಪಂಡಿತರಲ್ಲೂ ಹಲವರು ಆಗ ಹಾರ್ವೆಯನ್ನು ಒಪ್ಪಿರಲಿಲ್ಲ ಎಂಬುದನ್ನು ಮರೆಯಬಾರದು. ತಮ್ಮ ವಿದ್ಯಾಪೀಠ ಅನುಮಾನದಿಂದ ನೋಡುತ್ತಿದ್ದ ಜ್ಞಾನವನ್ನು ಫ್ರೆಂಚ್ ವೈದ್ಯನೊಬ್ಬ ಪಾರಸಿಯಲ್ಲಿ ಹೇಳುತ್ತಿದ್ದ. ಬೀದರ್ ಕೋಟೆ ಔರಂಗಜೇಬನ ವಶವಾದದ್ದು 1657ರಲ್ಲಿ. ಬರ್ನಿಯೆ ಈ ದೇಶಕ್ಕೆ ಬಂದದ್ದು ಅದರ ಮರುವರ್ಷದ ಸುಮಾರಿಗೆ.

ಪಾರಸಿ ಬೀದರಿಗೆ ಹೊಸತಾಗಿರಲಿಲ್ಲ. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ವಜೀರನಾದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸ ಇಂದಿಗೂ ಊರ ನಡುವೆ ನಿಂತಿದೆ. ಅದರ ಗ್ರಂಥಾಲಯದಲ್ಲಿ 3000 ಪುಸ್ತಕಗಳಿದ್ದುವೆಂದು ಇತಿಹಾಸಕಾರ ಫೆರಿಶ್ತಾ ಹೇಳುತ್ತಾನೆ. ಗಾವಾನನ ತಲೆ 1481ರಲ್ಲಿ ಉರುಳಿತು. ಔರಂಗಜೇಬನ ಕಾಲದಲ್ಲಿ ಆ ವಿದ್ಯಾಮಂದಿರದೊಳಗೆ ಮದ್ದಿನ ಪುಡಿ ತುಂಬಿಟ್ಟರು. 17ನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು ಕಟ್ಟಡದ ಒಂದು ಪಾರ್ಶ್ವವೂ ಒಂದು ಮಿನಾರೂ ಹಾರಿಹೋದುವು. ಮದ್ದಿನ ಪುಡಿಯ ಮುಖ್ಯ ಅಂಶ ಪೆಟ್ಲುಪ್ಪು. ಈ ಪೆಟ್ಲುಪ್ಪನ್ನು ಕೊಂಚ ನೆನಪಿನಲ್ಲಿಡಬೇಕು. ಬಿದರಿ ಕಲೆಯ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಬಿದರಿಯ ಬಗ್ಗೆ ವಿವರವಾಗಿ ಬರೆದ ಮೊದಲ ಯುರೋಪಿಯನ್ನರಲ್ಲಿ ಒಬ್ಬನು ವೈದ್ಯನೇ ಆಗಿದ್ದ. ಮದರಾಸಿನ ಕಂಪನಿ ಸರಕಾರದಲ್ಲಿ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಬೆಂಜಮಿನ್ ಹೈನ್, 19ನೆಯ ಶತಮಾನದ ಆರಂಭದಲ್ಲಿ ಬಿದರಿಯ ಎರಕದ ಲೆಕ್ಕ ಕೊಟ್ಟಿದ್ದಾನೆ. 16 ಔನ್ಸ್ ತಾಮ್ರ, 4 ಔನ್ಸ್ ಸೀಸ, 2 ಔನ್ಸ್ ತವರ ಕರಗಿಸಿ ಬೆರೆಸಬೇಕು. ಹೀಗೆ ಬಂದ ಮಿಶ್ರಣದ 3 ಔನ್ಸಿಗೆ 16 ಔನ್ಸ್ ಸತು. ಅಂದರೆ ನೂರಕ್ಕೆ 84 ಪಾಲು ಸತುವೇ ಆಯಿತು. ಔಷಧದ ಚೀಟಿ ಬರೆದಂತೆ ಇದೆ ಈ ವಿವರ, ವೈದ್ಯನ ಕೈಯಲ್ಲವೇ! ಇಂದಿನ ಕುಶಲಕರ್ಮಿಗಳು ಸೀಸ, ತವರ ಬಿಟ್ಟು ಸತುವಿಗೆ ಸ್ವಲ್ಪ ತಾಮ್ರವನ್ನಷ್ಟೇ ಸೇರಿಸುವುದು ಸಾಮಾನ್ಯ.

ಕೆಲಸದ ಕ್ರಮ ಬೀದರಿನವರಿಗೆ ಹೇಳಿಕೊಡಬೇಕಾದ್ದಿಲ್ಲ. ಆದರೂ ಅದರಲ್ಲಿರುವ ರಸಾಯನಶಾಸ್ತ್ರ ಕುತೂಹಲಕರ. ಮರಳು, ಹರಳೆಣ್ಣೆ, ರಾಳ ಕಲಸಿದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ ಮೈಲುತುತ್ತದ ನೀರು ಹಚ್ಚಿದರೆ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಚೂಪು ಉಕ್ಕಿನ ಮೊನೆಯಿಂದ ಗೀರಿದ ಬಳ್ಳಿ, ಹೂವು ಆ ಕಪ್ಪಿನಲ್ಲಿ ಬೆಳ್ಳಗೆ ಎದ್ದು ಕಾಣಲೆಂದು ಈ ಉಪಾಯ. ಸಣ್ಣ ಉಳಿಯಿಂದ ಗೆರೆಗಳನ್ನು ಕೊರೆದು ಬೆಳ್ಳಿಯ ತಂತಿ ಕೂರಿಸಿದರೆ ತಾರಕಶಿ. ಬೆಳ್ಳಿಯ ತಗಡನ್ನು ಕತ್ತರಿಸಿ ಕೂರಿಸಿದರೆ ತಹನಿಶಾನ್. ಮತ್ತೆ ಉಜ್ಜಿದಾಗ ಬೆಳ್ಳಿಯೂ ಸತುವೂ ಒಂದೇ ಬಣ್ಣ, ಕುಸುರಿಯೆಲ್ಲ ಮಾಯ. ಕೊನೆಗೆ ಬರುವುದು ಮಣ್ಣು. ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಬಿಸಿಮಾಡಿದ ಸಾಮಾನಿಗೆ ಮೆತ್ತಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆದೀತೆಂದು ತಿಳಿಯಲು ಕುಶಲಕರ್ಮಿ ಅದನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾನೆ.

ಮಾಂತ್ರಿಕವೆಂಬಂತೆ ಹೇಳಲಾಗುವ ಈ ಮಣ್ಣಿನ ಗುಟ್ಟೇನು? ಮಳೆ ಬಿಸಿಲು ತಾಗದ, ಶತಮಾನಗಳ ಕಾಲ ಮನುಷ್ಯರೂ ಪ್ರಾಣಿಗಳೂ ಬಾಳಿದ ಜಾಗದ ಮಣ್ಣಿನಲ್ಲಿ ಸಾವಯವ ವಸ್ತುಗಳು ಕೊಳೆತು, ಸೂಕ್ಷ್ಮಜೀವಿಗಳ ಕೆಲಸದಿಂದ ನೈಟ್ರೇಟ್ ಲವಣಗಳಾಗುತ್ತವೆ. ಮಳೆ ಬಿದ್ದರೆ ಅವು ಕರಗಿ ಹೋಗುತ್ತವೆ, ಬೀಳದಿದ್ದರೆ ಉಳಿಯುತ್ತವೆ. ಅದೇ ಪೆಟ್ಲುಪ್ಪಿನ ಬಳಗ. ಫ್ರಾನ್ಸಿನ ದೊರೆಗಳ ಕಾಲದಲ್ಲಿ ತೋಪಿನ ಮದ್ದಿಗಾಗಿ ಸರಕಾರದ ಆಳುಗಳು ಹಳೆಯ ನೆಲಮಾಳಿಗೆ, ಕುದುರೆಲಾಯಗಳ ಗೋಡೆ ಕೆರೆಯುತ್ತಿದ್ದುದೂ ಇದಕ್ಕೇ. ಒಂದೇ ಉಪ್ಪು ಮದರಸವನ್ನು ಸಿಡಿಸಿತು, ಹೂದಾನಿಯನ್ನು ಕಪ್ಪಾಗಿಸಿತು. ನಾಲಿಗೆಯ ಪರೀಕ್ಷೆ ಮೂಢನಂಬಿಕೆಯಲ್ಲ. ಉಪ್ಪಿನ ರುಚಿ ನೋಡುವ ಪರೀಕ್ಷೆ. 1980ರ ದಶಕದಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತನ್ನ ಬಿದರಿ ಸಂಗ್ರಹದ ಬಗ್ಗೆ ಸೂಸನ್ ಸ್ಟ್ರಾಂಜ್ ಬರೆದ ಗ್ರಂಥವನ್ನು 1985ರಲ್ಲಿ ಪ್ರಕಟಿಸಿತು. 1987ರಲ್ಲಿ ಸೂಸನ್ ಲಾನೀಸ್ ಮತ್ತು ಗ್ರಹಾಂ ಮಾರ್ಟಿನ್ ಲೋಹದ ವಿಶ್ಲೇಷಣೆಯನ್ನು ಪ್ರಕಟಿಸಿದರು. ಸತುವಿನೊಳಗೆ ಬೆರೆತ ಅಲ್ಪ ತಾಮ್ರವೇ ಆ ಗಾಢ ಕಪ್ಪಿಗೆ ಅಗತ್ಯವೆಂಬುದು ಇಂಥ ಅಧ್ಯಯನಗಳಿಂದ ಸ್ಪಷ್ಟವಾಯಿತು.

ಇಲ್ಲಿಂದ ಮುಂದೆ ಪ್ರಶ್ನೆ ಪಾಂಡಿತ್ಯದ್ದಲ್ಲ, ಹೊಟ್ಟೆಪಾಡಿನದು. ತಾಮ್ರ, ನವಸಾಗರ, ನೈಟ್ರೇಟ್ ಇದ್ದರೆ ಸಾಕೆಂದಾದರೆ ಬೀದರಿನ ಮಣ್ಣೇ ಬೇಕೆಂದು ಯಾಕೆ? ಹಿಂದೆ ಲಖನೌ, ಪೂರ್ಣಿಯಾಗಳಲ್ಲೂ ಬಿದರಿ ತಯಾರಾಗುತ್ತಿತ್ತು. ಹೈದರಾಬಾದಿನಲ್ಲಿ ಇಂದಿಗೂ ತಯಾರಾಗುತ್ತದೆ. ಇತ್ತ ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಊರಿಗೂ ವಸ್ತುವಿಗೂ ಇರುವ ನಂಟೇ ಆ ಗುರುತಿನ ಜೀವ. ಕೋಟೆಯೋ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿನ ಮಣ್ಣು ಅಕ್ಷಯಪಾತ್ರೆಯೂ ಅಲ್ಲ. ಆದ್ದರಿಂದ ಮಣ್ಣಿನ ಮೇಲೆ ಬರೆಯುವ ಪ್ರಬಂಧ ಎರಡು ಅಲಗಿನ ಕತ್ತಿ. ಬದಲಿ ಮಣ್ಣು ತೋರಿಸಿದರೆ ಕಸುಬು ಉಳಿದೀತು. ಅದೇ ಮಾತು ಇನ್ನೆಲ್ಲೋ ಕುಳಿತ ಕಾರ್ಖಾನೆಯವನಿಗೆ ದಾರಿ ತೋರಿಸಲೂಬಹುದು. ಮಣ್ಣನ್ನು ಪವಾಡವೆಂದು ಹೇಳುತ್ತ ಕೂರುವುದು ಇದಕ್ಕೆ ಪರಿಹಾರವಲ್ಲ. ಒಳ್ಳೆಯ ಬಿದರಿಯ ಬೆಲೆ ಇರುವುದು ಮಣ್ಣಿನಲ್ಲಿ ಕೊಂಚ, ಉಳಿ ಹಿಡಿದ ಕೈಯಲ್ಲಿ ಬಹಳ. ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಆ ಕೈಗಾಗಿಯೇ.

ವಿನ್ಯಾಸಶಾಸ್ತ್ರದವರಿಗೂ ಬಿದರಿ ಬಹಳ ಹಿಂದಿನ ಪರಿಚಯ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಹೋದ ಭಾರತದ ವಸ್ತುಗಳಲ್ಲಿ ಬಿದರಿಯೂ ಇತ್ತು. ಆ ವಸ್ತುಗಳನ್ನು ನೋಡಿದ ಇಂಗ್ಲೆಂಡಿನ ವಿನ್ಯಾಸ ಗುರುಗಳು ತಮ್ಮ ಕಾರ್ಖಾನೆಗಳ ಮಾಲಿಗಿಂತ ಇವುಗಳ ಅಲಂಕಾರದಲ್ಲಿ ಹೆಚ್ಚಿನ ಹದವಿದೆ ಎಂದು ಮೆಚ್ಚಿದರು. 1856ರಲ್ಲಿ ಓವೆನ್ ಜೋನ್ಸ್ ತನ್ನ ಅಲಂಕಾರಶಾಸ್ತ್ರದ ಗ್ರಂಥದಲ್ಲಿ ಭಾರತಕ್ಕೆ ದೊಡ್ಡ ಸ್ಥಾನ ಕೊಟ್ಟ. ಇಂದು ವಿನ್ಯಾಸ ಶಾಲೆಗಳ ಹುಡುಗ ಹುಡುಗಿಯರು ಬೀದರಿಗೆ ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ವರದಿ ಬರೆಯುತ್ತಾರೆ. ಹುಕ್ಕಾ ಬುಡದ ಕಾಲ ಹೋಗಿ ಲೇಖನಿ ಸ್ಟ್ಯಾಂಡು, ಓಲೆ, ಪೆನ್‌ಡ್ರೈವಿನ ಹೊದಿಕೆಗಳ ಕಾಲ ಬಂದಿದೆ. ಕೆಲವು ಚೆನ್ನಾಗಿವೆ. ಕೆಲವನ್ನು ನೋಡಿದರೆ ಬೆಳ್ಳಿ ತಂತಿಗೇ ನಾಚಿಕೆಯಾದೀತು.

ಇನ್ನು ಲೋಹ ಬಿಟ್ಟು ಜೀವಕ್ಕೆ ಬರೋಣ. ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅದರ ಕಾಯಿದೆ 2004ರದು. ಅಲ್ಲಿಯ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ದೇವಣಿ. ಹಸುವಿಗೆ ಹೆಸರು ಕೊಟ್ಟ ದೇವಣಿ ಊರು ಗಡಿಯಾಚೆ ಲಾತೂರ್ ಜಿಲ್ಲೆಯಲ್ಲಿದೆ. ದನಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಔರಾದ, ಭಾಲ್ಕಿಯ ಹೊಲಗಳಲ್ಲೂ ಅದೇ ತಳಿ. ಹಾಲಿಗೂ ಆದೀತು, ನೊಗಕ್ಕೂ ಆದೀತು ಎಂಬುದು ಅದರ ಹೆಗ್ಗಳಿಕೆ. ಅಪ್ಪಟ ಬಿಳಿಯದು ಬಾಲಂಕ್ಯಾ, ಬಿಳಿ ಮೈಗೆ ಕಪ್ಪು ಮೋರೆಯದು ವಾನೇರಾ, ಕಪ್ಪು ಮಚ್ಚೆಗಳದು ಶೇವೇರಾ. ರೈತ ಹಣೆಯ ಉಬ್ಬು, ಕಿವಿಯ ಜೋಲು, ನಡಿಗೆ ನೋಡಿ, ತಾಯಿ ಅಜ್ಜಿಯರ ಹಾಲಿನ ಲೆಕ್ಕ ನೆನೆದು ಹೋರಿ ಆರಿಸುತ್ತಾನೆ.

ತಳಿವಿಜ್ಞಾನಿ ನೋಡುವುದು ರಕ್ತದ ಹನಿಯನ್ನು. ಡಿಎನ್‌ಎಯ ಉದ್ದಕ್ಕೂ ಅಲ್ಲಲ್ಲಿ ಎರಡು ಮೂರು ಅಕ್ಷರಗಳ ತುಣುಕೊಂದು ಒಂದರ ಹಿಂದೊಂದು ಪುನರಾವರ್ತನೆಯಾಗುತ್ತದೆ. ಅದು ಎಷ್ಟು ಸಲ ಬಂದಿದೆ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಇಂಥ ಹಲವು ಜಾಗಗಳ ಎಣಿಕೆಯನ್ನು ಹೋಲಿಸಿದರೆ ಯಾವ ತಳಿಗೆ ಯಾವುದು ಹತ್ತಿರದ ನಂಟು, ಒಳಸಂಬಂಧ ಅತಿಯಾಗಿದೆಯೇ ಎಂಬುದೆಲ್ಲ ತಿಳಿಯುತ್ತದೆ. ದೇವಣಿಯು ಗುಜರಾತಿನ ಗೀರ್, ಪಶ್ಚಿಮ ಮಹಾರಾಷ್ಟ್ರದ ಡಾಂಗಿ ಮತ್ತು ಊರ ದನಗಳ ಬೆರಕೆಯಿಂದ ಹುಟ್ಟಿತೆಂಬ ಹಳೆಯ ಹೇಳಿಕೆಯನ್ನು ಪರೀಕ್ಷಿಸಲು ಇದೇ ದಾರಿ. 1994ರಲ್ಲಿ ಡಬ್ಲಿನ್ನಿನ ವಿಜ್ಞಾನಿಗಳು ಇನ್ನೊಂದು ಬಗೆಯ ಡಿಎನ್‌ಎ ಓದಿ, ಇಣಿಯುಳ್ಳ ಭಾರತದ ದನ ಮತ್ತು ಇಣಿಯಿಲ್ಲದ ಯುರೋಪಿನ ದನ ಬೇರೆ ಬೇರೆಯಾಗಿಯೇ ಮನುಷ್ಯನ ಕೊಟ್ಟಿಗೆ ಸೇರಿದುವೆಂದು ತೋರಿಸಿದರು.

ಟ್ರಾಕ್ಟರ್ ಬಂದ ಮೇಲೆ ಎತ್ತು ಬೇಡವಾಯಿತು, ಹಾಲಿಗೆ ಮಿಶ್ರತಳಿ ಬಂತು. ಹೋರಿಗಳು ಕಡಿಮೆಯಾದಷ್ಟೂ ಒಳಸಂಬಂಧದ ಅಪಾಯ ಹೆಚ್ಚುತ್ತದೆ. ಯಾವ ಹೋರಿಯ ಬೀಜ ಯಾವ ಊರಿಗೆ ಎಂದು ತೀರ್ಮಾನಿಸುವಾಗ ಆ ರಕ್ತದ ಹನಿಯ ಲೆಕ್ಕ ನಿಜಕ್ಕೂ ಬೇಕು. ಬೇಡವಾದದ್ದು ಅದರ ಹೆಸರಿನಲ್ಲಿ ನಡೆಯುವ ಜಾಹೀರಾತು. ದೇಶಿ ಹಸುಗಳಲ್ಲಿ ಎ2 ಬಗೆಯ ಹಾಲಿನ ಪ್ರೋಟೀನು ಹೆಚ್ಚೆಂಬುದು ಸರಿ. ಇನ್ನೊಂದು ಬಗೆಯ ಹಾಲಿನಿಂದ ರೋಗ ಬರುತ್ತದೆಂಬುದಕ್ಕೆ ಆಧಾರ ಸಾಲದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲೇ ಹೇಳಿದೆ. ಮಾರ್ಸೇಲ್ಸಿನಲ್ಲಿ ಪ್ರಬಂಧ ಕಾಫಿ ಬೇಡವೆಂದಿತು, ಜನ ಕೇಳಲಿಲ್ಲ. ಇಲ್ಲಿ ಪ್ರಬಂಧ ಹೇಳದೆ ಇದ್ದದ್ದನ್ನೂ ಜನ ದುಡ್ಡು ಕೊಟ್ಟು ಕುಡಿಯುತ್ತಿದ್ದಾರೆ.

ಪ್ರಬಂಧದ ಮಾತು ಜನರಿಗೆ ಸರಿಯಾಗಿ ತಲುಪದೆ ಇರುವುದಕ್ಕೆ ಭಾಷೆಯೂ ಒಂದು ಕಾರಣ. ಪ್ಯಾರಿಸ್ಸಿನ ವೈದ್ಯರು ಲ್ಯಾಟಿನ್ನನ್ನು ಬಿಟ್ಟು ಫ್ರೆಂಚಿಗೆ ಬರಲು ಒಂದು ಮಹಾಕ್ರಾಂತಿಯೇ ಬೇಕಾಯಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹುಟ್ಟಿದಾಗ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲೇ ಕಲಿಸಲು ಹೊರಟಿತು; ಅದಕ್ಕಾಗಿ ಭಾಷಾಂತರ ಕಚೇರಿಯೂ ಇತ್ತು. ದೇಶಭಾಷೆಯೊಂದು ವೈದ್ಯಶಾಸ್ತ್ರವನ್ನು ಹೊರಬಲ್ಲದೆಂದು ಅದು ತೋರಿಸಿಕೊಟ್ಟಿತು, ಆದರೆ ಆ ಭಾಷೆ ಔರಾದದ ರೈತನ ಮನೆಮಾತಲ್ಲ. ಅದೇ ನಿಜಾಮರ ಕಾಲದಲ್ಲಿ ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಇಂದು ಫಲಕ ಕನ್ನಡದಲ್ಲಿದೆ. ಒಳಗೆ, ದೇವಣಿಯ ಮೇಲಿನ ಪ್ರಬಂಧ ಇಂಗ್ಲಿಷಿನಲ್ಲಿದೆ. ಬಿದರಿಯ ಮೇಲಿನದೂ ಬಹುಮಟ್ಟಿಗೆ ಹಾಗೆಯೇ. ಕಂಪ್ಯೂಟರ್ ಭಂಡಾರಗಳಲ್ಲಿ ಅವು ಯಾರು ಬೇಕಾದರೂ ತೆರೆಯುವಂತೆ ಸಿಗುತ್ತವೆ ನಿಜ; ತೆರೆದು ಓದಬಲ್ಲವರು ಬೇಕಲ್ಲ!

ಕೊನೆಯಲ್ಲಿ ಒಂದು ಸಣ್ಣ ನಿಯಮದ ವಿಷಯ. ಪಿಎಚ್.ಡಿ. ಪದವಿಗೆ ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2016ರ ನಿಯಮಗಳು ಹೇಳಿದುವು. ಮಾರ್ಸೇಲ್ಸಿನ ಪುರಭವನದ ನೆರಳು ಅಷ್ಟು ದೂರ ಬಂದಿದೆ. ಸಾಮಾನ್ಯವಾಗಿ ಆ ಕೋಣೆಯಲ್ಲಿ ಮಾರ್ಗದರ್ಶಕರು, ಹೊರಗಿನಿಂದ ಬಂದ ಪರೀಕ್ಷಕರು, ನಾಲ್ಕಾರು ಸಹಪಾಠಿಗಳು, ಮುಗಿದ ಮೇಲೆ ಚಹಾ ಬಿಸ್ಕತ್ತು. ಅಲ್ಲಿಗೆ ಯಾರೆಲ್ಲ ಬರಬಹುದೆಂಬ 2016ರ ಪಟ್ಟಿಯಲ್ಲಿ ಅಧ್ಯಾಪಕರು, ಸಂಶೋಧನ ವಿದ್ಯಾರ್ಥಿಗಳ ಜೊತೆಗೆ ಆಸಕ್ತ ತಜ್ಞರೂ ಇದ್ದರು. ಮಣ್ಣನ್ನು ನಾಲಿಗೆಯ ಮೇಲಿಟ್ಟು ಅಳೆಯುವವನೂ, ಮೂರು ತಲೆಮಾರಿನ ಹಸುಗಳನ್ನು ಹೆಸರು ಹಿಡಿದು ಹೇಳುವವನೂ ತಜ್ಞರಲ್ಲವೆಂದು ಆ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ.