ಶಾಲೆಯ ಊಟವೂ ಎರೆಯ ಬೆಳೆಯೂ

ರೋಣ, ನರಗುಂದ, ಗಜೇಂದ್ರಗಡ: ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಹೆಸರು ಪಟ್ಟಣವಾಸಿಗಳಾದ ನಮ್ಮ ಕಿವಿಗೆ ಬೀಳುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ. ಮಳೆ ಬಾರದಿದ್ದಾಗ ಒಂದು. ರೈತರು ಬೀದಿಗಿಳಿದಾಗ ಇನ್ನೊಂದು. ಇಂದು ನಾನು ಅಲ್ಲಿಯ ಶಾಲೆಗಳ ಮಧ್ಯಾಹ್ನದ ಊಟದ ವಿಚಾರವನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಆ ಸೀಮೆಯ ಮಕ್ಕಳ ವಿದ್ಯೆಯೂ ಹಿರಿಯರ ಬೇಸಾಯವೂ ಅದರಲ್ಲಿ ಹೆಣೆದುಕೊಂಡಿವೆ.

ಶಾಲೆಗಳಲ್ಲಿ ಬೇಯಿಸಿದ ಅನ್ನವನ್ನೇ ಬಡಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ನೆಯ ನವೆಂಬರ್ 28ರಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರಲ್ಲಿ ಹಾಲೂ ಸೇರಿತು. ಕಿರಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಯ. ಆರನೆಯ ತರಗತಿಯಿಂದ ಮೇಲಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ. ಇದು ನಿಯಮದ ಅಳತೆ. ದಾಸೋಹವೆಂಬ ಮಾತಿನ ಅರ್ಥ ಶರಣರ ನಾಡಿನವರಿಗೆ ವಿವರಿಸಬೇಕಾದುದಿಲ್ಲ.

ಇನ್ನು ನೆಲದ ಕಡೆಗೆ ನೋಡೋಣ. ನರಗುಂದ, ರೋಣಗಳಲ್ಲಿ ಹೆಚ್ಚಾಗಿ ಎರೆಯ ಭೂಮಿ. 2018ರಲ್ಲಿ ರೋಣದಿಂದ ಬೇರ್ಪಟ್ಟು ತಾಲ್ಲೂಕಾದ ಗಜೇಂದ್ರಗಡದ ಗುಡ್ಡಗಳ ಬುಡದಲ್ಲಿ ಮಸಾರಿಯೂ ಉಂಟು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ಎರೆಯು ಹಿಡಿದಿಟ್ಟ ತೇವದ ಮೇಲೆಯೇ ಹಿಂಗಾರಿಯ ಪೈರು ಬದುಕಬೇಕು. ನವಿಲುತೀರ್ಥದ ಕಟ್ಟೆಯಿಂದ ಬರುವ ಮಲಪ್ರಭೆಯ ಕಾಲುವೆ ಈ ಸೀಮೆಯ ಒಂದು ಭಾಗಕ್ಕೆ ಮಾತ್ರ. ಕಾಲುವೆಯ ಕರವು ಬಂದಿತು, ನೀರು ಸರಿಯಾಗಿ ಬರಲಿಲ್ಲ ಎಂಬ ಕೊರಗಿನಿಂದಲೇ 1980ನೆಯ ಜುಲೈ 21ರ ದಾರುಣ ಪ್ರಸಂಗ ಒದಗಿ, ನರಗುಂದ ನವಲಗುಂದಗಳಲ್ಲಿ ಗೋಲಿಬಾರಿನಿಂದ ಪ್ರಾಣಹಾನಿಯಾಯಿತು. ಅಲ್ಲಿಯ ರೈತರು ಆ ದಿನವನ್ನು ಮರೆತಿಲ್ಲ.

ಹೆಸರು ಕೊಯ್ಲಿಗೆ ಬರುವುದು ಮಳೆಗಾಲದಲ್ಲಿ. ತೊಯ್ದ ಕಾಳು ಬಣ್ಣಗೆಡುತ್ತದೆ. ಬಣ್ಣಗೆಟ್ಟ ಕಾಳಿಗೆ ಬೆಲೆಯಿಲ್ಲ. ಸರ್ಕಾರವು ಬೆಂಬಲ ಬೆಲೆಯನ್ನು ಸಾರಿದರೂ, ಖರೀದಿಯ ಕೇಂದ್ರ ತೆರೆಯುವವರೆಗೆ ಕಾಯುವ ಶಕ್ತಿ ಸಣ್ಣ ಹಿಡುವಳಿದಾರನಿಗೆ ಇರುವುದಿಲ್ಲ. ಸಾಲ ತೀರಿಸುವ ಅವಸರದಲ್ಲಿ ಬಂದ ಬೆಲೆಗೆ ಮಾರುತ್ತಾನೆ. ಬೆಳೆಯೂ ಬೆಲೆಯೂ ಒಟ್ಟಿಗೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಗೋವೆಗೋ ಮಂಗಳೂರಿಗೋ ಗುಳೆ ಹೋಗುತ್ತಾನೆ. ತಂದೆತಾಯಿಗಳ ಹಿಂದೆ ಮಗುವೂ ಹೋಗುತ್ತದೆ. ಆಗ ಶಾಲೆಯ ಅನ್ನ ಬೆಂದರೂ ಉಣ್ಣುವ ಮಗು ಊರಲ್ಲಿಲ್ಲ. ಊಟವು ಮಗುವನ್ನು ಶಾಲೆಗೆ ಎಳೆಯಬಲ್ಲದು. ಊರಿನಲ್ಲಿ ಉಳಿಸಬೇಕಾದುದು ಹೊಲ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಆದರೆ ಹೊಲಕ್ಕೂ ಶಾಲೆಯ ಒಲೆಗೂ ನೇರವಾದ ದಾರಿಯಿಲ್ಲ. ಅಕ್ಕಿ ಬರುವುದು ಆಹಾರ ನಿಗಮದ ಉಗ್ರಾಣದಿಂದ. ಬೇಳೆ ಬರುವುದು ಸಗಟು ಖರೀದಿಯಿಂದ, ಅದೂ ಬಹುಮಟ್ಟಿಗೆ ತೊಗರಿ. ಶಾಲೆಯ ಗೋಡೆಯಾಚೆ ಕಡಲೆ ಬೆಳೆದಿರುತ್ತದೆ. ಒಳಗೆ ದೂರದ ಬೇಳೆ ಬೇಯುತ್ತಿರುತ್ತದೆ.

ಲೆಕ್ಕ ಹಾಕೋಣ. ನೂರು ಕಿರಿಯ ಮಕ್ಕಳಿಗೆ ದಿನಕ್ಕೆ 2 ಕಿಲೋ ಬೇಳೆ. ಶಿಕ್ಷಣದ ಹಕ್ಕಿನ ಕಾನೂನು ವಿಧಿಸಿರುವ 200 ದಿನಗಳಿಗೆ 4 ಕ್ವಿಂಟಾಲು. ಒಳ್ಳೆಯ ಹಿಂಗಾರಿಯಲ್ಲಿ ಒಂದೆರಡು ಎಕರೆಯ ಕಡಲೆ ಸಾಕು. ಇಷ್ಟರಿಂದ ತಾಲ್ಲೂಕಿನ ಬೆಳೆಯೆಲ್ಲ ಖರ್ಚಾಗಲಾರದು, ನಿಜ. ಆದರೆ ನೂರಾರು ಶಾಲೆಗಳು, ಅಂಗನವಾಡಿಗಳು, ವಸತಿನಿಲಯಗಳು ಸೇರಿ ಬಿತ್ತನೆಗೆ ಮೊದಲೇ ‘ಇಷ್ಟು ಕಾಳು, ಈ ಬೆಲೆಗೆ’ ಎಂದು ಮಾತು ಕೊಟ್ಟರೆ, ಮಾರುಕಟ್ಟೆಯಲ್ಲಿ ಖಚಿತವಾದ ಒಬ್ಬ ಗಿರಾಕಿ ನಿಂತಂತಾಗುವುದು.

ಕಾಳನ್ನು ಕೂಡಿಸಿ, ಒಣಗಿಸಿ, ಬೇಳೆ ಮಾಡಿಸಿ ಶಾಲೆಗೆ ಮುಟ್ಟಿಸುವವರು ಯಾರು? ಸಹಕಾರ ಸಂಘಗಳೇ. ಭಾರತದ ಮೊದಲ ಕೃಷಿ ಸಹಕಾರ ಸಂಘವು 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿದುದು ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ಅಂದು ಸಾಲದ ಸಂಕಟಕ್ಕೆ ದಾರಿ ತೋರಿದ ನೆಲ ಇದು.

ಅಡ್ಡಿಗಳು ಇಲ್ಲದಿಲ್ಲ. ನೂರು ಮಕ್ಕಳಿಗೆ ಜೋಳದ ರೊಟ್ಟಿ ಬಡಿಯಿರೆಂದು, ಅಲ್ಪ ಗೌರವಧನದ ಮೇಲೆ ದುಡಿಯುವ ಅಡುಗೆಯ ತಾಯಂದಿರಿಗೆ ಹೇಳುವುದು ನ್ಯಾಯವಲ್ಲ. ಆದರೆ ಜೋಳದ ನುಚ್ಚು, ಹೆಸರುಕಾಳಿನ ಪಲ್ಯ, ಕಡಲೆಯ ಉಸಳಿ ಅನ್ನ ಸಾರಿಗಿಂತ ಅಷ್ಟೇನೂ ಕಷ್ಟದವಲ್ಲ. ಕಾಳಿನ ಗುಣಪರೀಕ್ಷೆ ಬಿಗಿಯಾಗಿರಬೇಕು. ಹಣವು ತಿಂಗಳುಗಟ್ಟಲೆ ತಡೆಯದೆ ರೈತನ ಕೈಸೇರಬೇಕು. ಇವೆರಡೂ ತಪ್ಪಿದರೆ ಯೋಜನೆ ಕಾಗದದಲ್ಲಿಯೇ ಉಳಿಯುವುದು.

ಬ್ರೆಜಿಲ್ ದೇಶವು 2009ರಲ್ಲಿ ಇದನ್ನು ಕಾನೂನನ್ನಾಗಿಯೇ ಮಾಡಿತು. ಶಾಲೆಯ ಊಟಕ್ಕೆಂದು ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ನೂರಕ್ಕೆ ಕನಿಷ್ಠ 30 ಪಾಲನ್ನು ಸಣ್ಣ ರೈತ ಕುಟುಂಬಗಳ ಬೆಳೆಗೆ ವೆಚ್ಚ ಮಾಡಬೇಕೆಂದು ವಿಧಿಸಿತು. ಅಲ್ಲಿ ಆದುದು ಇಲ್ಲಿ ಆಗಬಾರದೆಂಬ ನಿಯಮವೇನೂ ಇಲ್ಲ.

ಕರ ಕೊಡುವವರೂ ಅಭಿಪ್ರಾಯ ರೂಪಿಸುವವರೂ ಆದ ಪಟ್ಟಣಿಗರು ಈ ಊಟವನ್ನು ದಾನವೆಂದು ಎಣಿಸದಿರೋಣ. ನಮ್ಮ ತಟ್ಟೆಗೆ ಜೋಳ, ಕಡಲೆಗಳನ್ನು ಕಳುಹಿಸುವವರ ಮಕ್ಕಳಿಗೆ, ಅವರ ಹೊಲದ ಬೆಳೆಯೇ ನ್ಯಾಯವಾದ ಬೆಲೆ ಪಡೆದು ಶಾಲೆಯ ತಟ್ಟೆಗೆ ಬರಲಿ ಎಂದು ಕೇಳುವುದು ನಮ್ಮ ಕರ್ತವ್ಯ.