ಸಣ್ಣ ದೋಣಿ, ದೊಡ್ಡ ಕಡಲು
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ರಜೆ ಸಿಕ್ಕಿತೆಂದರೆ ಊರಿನ ದಾರಿ ಹಿಡಿಯುವವರು ನಾವು. ನಮ್ಮಲ್ಲಿ ಬಹುಮಂದಿ ಮಂಗಳೂರು, ಉಡುಪಿ, ಕುಂದಾಪುರದ ಕಡೆಯವರು. ಕಡಲಿನ ಸದ್ದು ಕೇಳಿ ಬೆಳೆದವರು. ಈಗೀಗ ಅಲ್ಲಿ ಕಯಾಕ್ ಎಂಬ ಸಣ್ಣ ದೋಣಿ ಬಂದಿದೆ. ಎರಡು ತುದಿಗೂ ಅಲಗಿರುವ ಒಂದೇ ಹುಟ್ಟಿನಿಂದ ಒಬ್ಬನೇ ನಡೆಸಬಹುದು. ಅದರಲ್ಲಿ ಕುಳಿತು ಗಾಳ ಹಾಕುವ ಆಸೆ ನಮಗೂ ಆಗುತ್ತದೆ. ಆಗಲಿ, ತಪ್ಪಲ್ಲ. ಆದರೆ ಹತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವನ ತೋಳಿಗೆ ಕಡಲು ಮರೆತಿರುತ್ತದೆ. ಇದನ್ನು ಒಪ್ಪಿಕೊಂಡೇ ನೀರಿಗಿಳಿಯಬೇಕು.

ಮೊದಲನೆಯದು ಗಾಳಿ. ಮಳೆಗಾಲ ಕಳೆದ ಮೇಲೆ, ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದೋಣಿ ಸಲೀಸಾಗಿ ಹೊರಗೆ ಸಾಗುತ್ತದೆ. ನಮ್ಮ ತೋಳ್ಬಲವೆಂದು ಹಿಗ್ಗುತ್ತೇವೆ. ಮರಳುವಾಗ ಅದೇ ಗಾಳಿ ಎದುರು. ಹೊತ್ತೇರಿದ ಮೇಲೆ ಪಡುವಣ ಗಾಳಿ ಎದ್ದು ತೆರೆ ಏಳುತ್ತದೆ. ಆದ್ದರಿಂದ ದಡದ ಹತ್ತಿರವೇ ಇದ್ದು, ಬಿಸಿಲೇರುವ ಮುನ್ನ ಹಿಂದಿರುಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೇ ಮೀನು ಹಿಡಿಯಲು ನಿಷೇಧವಿದೆ. ಆ ಮಳೆಗಾಲದ ಕಡಲಿನಲ್ಲಿ ಈ ಪುಟ್ಟ ದೋಣಿಯ ಮಾತೇ ಬೇಡ.

ಎರಡನೆಯದು ಅಳಿವೆ. ಇಳಿತದಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ತೆರೆ ಒಳಗೆ ನುಗ್ಗುತ್ತದೆ. ಎರಡೂ ತಾಗುವಲ್ಲಿ ತೆರೆ ಕಡಿದಾಗಿ ಎದ್ದು ಮುರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಇನ್ನೂ ಜೋರು. ಇಳಿತದ ಹೊತ್ತಿನಲ್ಲಿ ಅಳಿವೆ ದಾಟಬೇಡಿ. ಊರಿನ ಮೊಗವೀರ ಹಿರಿಯರನ್ನು ಕೇಳಿ, ಅವರು ಹೊತ್ತು ಹೇಳುತ್ತಾರೆ. ಕೇಳಲು ನಾಚಿಕೆ ಏಕೆ?

ಮೂರನೆಯದು ನಮ್ಮ ಉಡಾಫೆ. ಒಮ್ಮೆ ರಜೆಯಲ್ಲಿ ನಾವೇ ಸೆಕೆಯೆಂದು ಲೈಫ್ ಜಾಕೆಟ್ಟನ್ನು ಕಳಚಿ ಕೆಳಗೆ ಹಾಸಿಕೊಂಡೆವು. ದೋಣಿ ಮಗುಚಿದಾಗ ಜಾಕೆಟ್ಟು ಒಂದು ಕಡೆ, ಹುಟ್ಟು ಒಂದು ಕಡೆ, ನಾವು ಒಂದು ಕಡೆ. ಬಲೆಯ ದೋಣಿಯವರು ಕಾಣದೆ ಹೋಗಿದ್ದರೆ ಇಂದು ಈ ಭಾಷಣವಿಲ್ಲ. ಜಾಕೆಟ್ಟು ಮೈಮೇಲಿದ್ದರೆ ಮಾತ್ರ ಕಾಯುತ್ತದೆ. ಹುಟ್ಟನ್ನು ಹಗ್ಗದಿಂದ ದೋಣಿಗೆ ಕಟ್ಟಿ. ಲಂಗರಿನ ಹಗ್ಗ ದೋಣಿಯ ತುದಿಯಿಂದ ಇಳಿಯಲಿ; ಮಗ್ಗುಲಿಗೆ ಕಟ್ಟಿದರೆ ಸೆಳೆತದಲ್ಲಿ ದೋಣಿ ಮಗುಚೀತು. ಹಗ್ಗ ಕತ್ತರಿಸಲು ಚೂರಿ, ಕೂಗಲು ಸೀಟಿ ಇರಲಿ. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಗಾಳಕ್ಕೆ ಬಿದ್ದರೆ ದಾರ ಕತ್ತರಿಸಿಬಿಡಿ. ಮಗುಚಿದರೆ ತೇಲುವ ದೋಣಿಯನ್ನು ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ಕಣ್ಣಿಗೆ ದಡ ಹತ್ತಿರ, ಕೈಗೆ ದೂರ.

ಕೊನೆಯ ಮಾತು. ಒಂಟಿಯಾಗಿ ಹೋಗಬೇಡಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ದಡದಲ್ಲಿ ಒಬ್ಬರಿಗೆ ಹೇಳಿ. ಹೊತ್ತು ಮೀರಿದರೆ ಅವರು ಕರಾವಳಿ ರಕ್ಷಣಾ ಪಡೆಯ 1554 ನಂಬರಿಗೆ ಫೋನು ಮಾಡಲಿ. ನೀರು ಹೋಗದ ಚೀಲದಲ್ಲಿ ನಮ್ಮ ಫೋನೂ ಜೊತೆಗಿರಲಿ.

ಬಂಧುಗಳೇ, ಒಬ್ಬರಿಗೊಬ್ಬರು ಕಾವಲಿರುವುದನ್ನು ನಾವು ಸಂಘದಲ್ಲಿ ಕಲಿತಿದ್ದೇವೆ. ಆ ಪಾಠ ಕಡಲಿಗೂ ಸಲ್ಲುತ್ತದೆ. ಮೀನು ಸಿಗದಿದ್ದರೆ ಅಂದಿನ ಸಾರಷ್ಟೇ ಸಪ್ಪೆ. ನಾವು ಮರಳದಿದ್ದರೆ ಮನೆಯ ಒಲೆಯೇ ಆರುತ್ತದೆ.